ಕೊಂಬಿಲ್ಲದ ಪಿಕಳಾರದ ಪರವಾಗಿ ಒಂದು ಅಹವಾಲು

ಕಲ್ಲೂರು, ಮಾನ್ವಿ ತಾಲೂಕು
ಸಂಕ್ರಾಂತಿಯ ಮರುದಿನ, ೧೯೮೩

ಗೊರಸಿನ ಪ್ರಾಣಿಗಳನ್ನು ಕಾಪಾಡಲೆಂದೇ ರಾಯಚೂರಿಗೆ ದಯಮಾಡಿಸಿರುವ ಮಾನ್ಯ ಅಧಿಕಾರಿಗಳೇ,

ತಮಗೂ ತಮ್ಮ ಜೀಪಿಗೂ ಕಲ್ಲೂರಿನ ರೈತ ಗಡಿಗೆಪ್ಪನ ಶರಣು. ತಮ್ಮ ಕೃಪೆಯಿಂದ ನಮ್ಮ ಎರೆಹೊಲಗಳ ಚಿಗರಿಗಳು, ತಾವು ಕೃಷ್ಣಮೃಗ ಎನ್ನುವವು, ಕ್ಷೇಮ. ಹೋದ ವರ್ಷ ಆರಿದ್ದವು, ಈಗ ಹದಿನಾಲ್ಕು. ನನ್ನ ಕಡಲೆಯಲ್ಲಿ ಊಟಕ್ಕೆ ನಿಂತರೆ ಎಷ್ಟು ಕೂಗಿದರೂ ಕಿವಿ ಅಲುಗಿಸುವುದಿಲ್ಲ. ಸರ್ಕಾರ ಬೆನ್ನಿಗಿದೆಯೆಂದು ಅವಕ್ಕೂ ತಿಳಿದಿರಬೇಕು. ಇರಲಿ, ಅಳಿದುಹೋಗುವ ಜೀವ ತಿನ್ನಲಿ.

ನನ್ನ ದೂರು ಬೇರೆ. ಹೊಲದ ಮೇಲಿನ ಕಲ್ಲುಗುಡ್ಡದಲ್ಲಿ ಹಳದಿ ಕೊರಳಿನ ಪಿಕಳಾರ ಹಕ್ಕಿಗಳು ಎರಡೇ ಜೋಡಿ ಉಳಿದಿದ್ದವು. ಚಿಗರಿಯಂತೆ ಅವೂ ಅಳಿಯುತ್ತಿರುವ ಜೀವಗಳೇ. ಆದರೆ ಕಾಡುಹಣ್ಣು ತಿಂದುಕೊಂಡು, ಯಾರ ಬೆಳೆಗೂ ಬಾಯಿ ಹಾಕದೆ ಹಾಡಿಕೊಂಡಿದ್ದವು. ಬಹುಶಃ ಅದೇ ಅವುಗಳ ತಪ್ಪು.

ಅವಕ್ಕೂ ರಕ್ಷಣೆ ಬೇಡಲು ನಾನೂ ನನ್ನ ತಾಯಿ ಹಂಪಮ್ಮನೂ ಬಸ್ಸು ಹತ್ತಿ ತಮ್ಮ ಕಚೇರಿಗೆ ಬಂದಿದ್ದೆವು. ಗುಮಾಸ್ತರು ಬಹಳ ಸಜ್ಜನರು. ನಮ್ಮನ್ನು ಕೂರಿಸಿ, ಅಚ್ಚಾದ ನಮೂನೆ ತೆಗೆದು, ಕೊಂಬಿನ ಉದ್ದ ಎಷ್ಟೆಂದು ಕೇಳಿದರು. ನಮ್ಮೂರಲ್ಲಿ ಜಗಳವಾಡುವಾಗ ಮಾತ್ರ ನಿನಗೇನು ಕೊಂಬು ಬಂದಿದೆಯೇ ಎನ್ನುತ್ತಾರೆ. ಸರ್ಕಾರವೂ ಕೇಳುತ್ತದೆಂದು ತಿಳಿದಿರಲಿಲ್ಲ.

"ಕೊಂಬ ಇಲ್ರಿ ಯಪ್ಪಾ. ಹಾಡತದ. ಅಷ್ಟ ಬರ್ಕೋರಿ," ಎಂದಳು ಅವ್ವ.

ನಮೂನೆಯಲ್ಲಿ ಹಾಡು ಬರೆಯಲು ಖಾನೆ ಇರಲಿಲ್ಲ. ಕೊಂಬಿನ ಖಾನೆ ಖಾಲಿಯಿದ್ದರೆ ಅರ್ಜಿ ಮುಂದೆ ಹೋಗದೆಂದು ಗುಮಾಸ್ತರು ಕೈಮುಗಿದರು.

ಈಗ ಚಿಗರಿ ಕಾಯುವವರಿಗೆ ತಾವು ಕಲ್ಲಿನ ಮನೆ ಕಟ್ಟಿಸುತ್ತಿದ್ದೀರಿ, ಸಂತೋಷ. ಆ ಕಲ್ಲು ಒಡೆಯುತ್ತಿರುವುದು ಪಿಕಳಾರದ ಗುಡ್ಡದಲ್ಲಿ. ಸಿಡಿಮದ್ದಿನ ಸದ್ದಿಗೆ ಹಾರಿಹೋದ ಒಂದು ಜೋಡಿ ಮರಳಿ ಬರಲಿಲ್ಲ. ಬೆಳಗ್ಗೆ ಆ ಹಾಡು ಕೇಳುತ್ತಲೇ ಹೊಲಕ್ಕೆ ಇಳಿಯುತ್ತಿದ್ದ ನನಗೆ ಸಂಕಟವಾಗಿದೆ, ಸುಳ್ಳೇಕೆ ಹೇಳಲಿ. ಆದಕಾರಣ ತಾವು ಉಳಿದ ಜೋಡಿಗೆ ನಾಲ್ಕು ನಾಲ್ಕು ಗೊರಸು, ಎರಡೆರಡು ಕೊಂಬು ಮಂಜೂರು ಮಾಡಬೇಕು. ಇಲ್ಲವೇ ಊರಾಚೆ ಹಾಳುಬಿದ್ದಿರುವ ಹಳೆಯ ಕಲ್ಲುಗಣಿಯಿಂದ ಕಲ್ಲು ತರಿಸಬೇಕು. ತಮಗೆ ಮೊದಲನೆಯದೇ ಸುಲಭವೆಂದು ಗುಮಾಸ್ತರ ಮಾತಿನಿಂದ ತಿಳಿದುಕೊಂಡೆ.

ತಮ್ಮ ವಿಶ್ವಾಸಿ,
ಗಡಿಗೆಪ್ಪ
(ತಮ್ಮ ಚಿಗರಿಗಳಿಗೆ ಊಟ ಹಾಕುವವನು)

ತಾ.ಕ.: ದಾರಿಯ ಬದಿ ತಾವು ನಿಲ್ಲಿಸಿರುವ ತಗಡಿನ ಚಿಗರಿಯ ಕೊಂಬಿನ ಮೇಲೆ ನಿನ್ನೆ ಪಿಕಳಾರವೊಂದು ಕುಳಿತು ಹಾಡಿತು. ಅದು ಹಾರಿದ ಮೇಲೆ ಅವ್ವ ಅಳೆದಳು: ಕೊಂಬಿನ ಉದ್ದ ಒಂದು ಮೊಳ. ದಯವಿಟ್ಟು ಖಾನೆಯನ್ನು ಇವತ್ತೇ ತುಂಬಿಕೊಳ್ಳಿ. ನಾಳೆ ಗುಡ್ಡಕ್ಕೆ ಮತ್ತೆ ಮದ್ದು ಇಡುತ್ತಾರೆ.