ಹಸಿ ಮೊಟ್ಟೆ ಮತ್ತು ನನ್ನ ಹುಬ್ಬು

ಕಾಯಿಲೆ ಬಂದಾಗ ಮನುಷ್ಯ ಪಡುವ ಪಾಡು ಎಲ್ಲರಿಗೂ ಗೊತ್ತು. ಕಾಯಿಲೆ ವಾಸಿಯಾದ ಮೇಲೆ ಪಡುವ ಪಾಡನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಜ್ವರದಲ್ಲಿ ಮಲಗಿದ್ದಾಗ ನೋಡಲು ಬಂದವರು ಎಳನೀರು ಇಟ್ಟು, ಹಣೆ ಮುಟ್ಟಿ, ಸುಮ್ಮನೆ ಎದ್ದು ಹೋಗುತ್ತಾರೆ. ಎದ್ದು ಓಡಾಡತೊಡಗಿದಿರೋ, ದಾರಿಯಲ್ಲಿ ಸಿಕ್ಕವರೆಲ್ಲ ವೈದ್ಯರೇ. ಹೋದ ವರ್ಷ ನನಗೆ ಕೀಲುಕೀಲನ್ನೂ ಹಿಂಡಿದ ಒಂದು ಜ್ವರ ಬಂದು ಹೋಯಿತು. ಚಳ್ಳಕೆರೆ ಪೇಟೆಯಲ್ಲಿ ನನ್ನದೊಂದು ಸೀರೆ ಅಂಗಡಿ. ಕಪಾಟಿನ ಮೇಲಿನ ಅರೆಯಿಂದ ಸೀರೆ ಇಳಿಸಲು ಏಣಿ ಹತ್ತಿದರೆ ಮೊಣಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಹಾಗಾಗಿ ಏಣಿಗೆ ಒರಗಿ ನಿಂತು, "ಮೇಲಿರೋ ಬಣ್ಣ ನಿಮಗೆ ಒಪ್ಪಲ್ಲ ಬಿಡ್ರಮ್ಮ" ಎಂದು ಕೆಳಗಿನ ಸೀರೆಗಳನ್ನೇ ಹೊಗಳುತ್ತಿದ್ದೆ. ಇದನ್ನು ಕಂಡವರು ಒಬ್ಬರು ಮೆಂತ್ಯ ನೆನೆಸಿ ತಿನ್ನಿ ಎಂದರು, ಇನ್ನೊಬ್ಬರು ನುಗ್ಗೆಸೊಪ್ಪು ಎಂದರು, ಮತ್ತೊಬ್ಬರು ದಿನಾ ಮೈಗೆ ಬಿಸಿಲು ಬೀಳಲಿ ಎಂದರು. ಚಳ್ಳಕೆರೆಯಲ್ಲಿ ಬಿಸಿಲು ಬೀಳದಂತೆ ಬದುಕುವ ಉಪಾಯ ಹೇಳಿದ್ದರೆ ಅದು ಸಲಹೆ!

ಈ ಸಲಹೆಗಾರರಲ್ಲೆಲ್ಲ ಗೆದ್ದವನು ಓಬಳೇಶ. ನನ್ನ ಜೊತೆ ಹೈಸ್ಕೂಲು ಓದಿದವನು. ಊರು ಮುಗಿದು ನನ್ನಿವಾಳದ ರಸ್ತೆ ಹಿಡಿಯುವ ಕಡೆ ಕೋಳಿ ಸಾಕಿಕೊಂಡಿದ್ದಾನೆ. ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲಾಗುವಂಥ ಆಳು. ಒಂದು ದಿನ ಅಂಗಡಿಗೆ ಬಂದು, ನನ್ನ ರಟ್ಟೆಯನ್ನು ಎರಡು ಬೆರಳಲ್ಲಿ ಹಿಚುಕಿ ನೋಡಿ, "ಲೇ ಚಂದ್ರಾ, ನಿನ್ ಮೈಯಾಗೆ ಏನೂ ಉಳಿದಿಲ್ಲ ಕಣಲೇ. ಹಸಿ ಮೊಟ್ಟೆ ಕುಡಿ. ನಮ್ಮ ತಾತ ಗರಡಿಯಾಗೆ ಸಾಮು ಮಾಡೋವಾಗ ಅದನ್ನೇ ಕುಡೀತಿದ್ದ. ಸಾಯೋ ತನಕ ಕೋಲು ಹಿಡೀಲಿಲ್ಲ" ಎಂದ.

ನಾನು ಮೊದಲು ಬಾಗಿಲ ಕಡೆ ನೋಡಿದೆ, ಯಾರಾದರೂ ಕೇಳಿಸಿಕೊಂಡರೇನೋ ಅಂತ. ನಮ್ಮದು ಹಣೆಗೆ ವಿಭೂತಿ ಬೀಳದೆ ಕಾಫಿಯೂ ಬಾಯಿಗೆ ಬೀಳದ ಮನೆ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನು ನಮ್ಮವ್ವ ತಾನು ಕನ್ನಡಕ ಹಾಕಿ ನೋಡಿ, ಆಮೇಲೆ ನನ್ನ ಹೆಂಡತಿ ಗಿರಿಜಾಳಿಗೂ ತೋರಿಸಿ, ಇಬ್ಬರಿಗೂ ಹಸಿರಾಗಿಯೇ ಕಂಡರೆ ಮಾತ್ರ ಒಡೆಯುವುದು. ಅಂಥ ಮನೆಯ ಮಗ ನಾನು. ಆದರೆ ಏಣಿ ಹತ್ತಲಾಗದ ಗಂಡಸಿಗೆ ಧರ್ಮಕ್ಕಿಂತ ಮೊಣಕಾಲೇ ಹೆಚ್ಚು ನೆನಪಾಗುತ್ತದೆ. ಮಾರನೆಯ ಬೆಳಗ್ಗೆಯೇ 'ವಾಕಿಂಗ್' ಶುರುಮಾಡಿದೆ. ಓಬಳೇಶನ ಮನೆಯ ಹಿಂದೆ, ಹುಣಸೆ ಮರದ ಮರೆಯಲ್ಲಿ, ಒಂದು ಸ್ಟೀಲ್ ಲೋಟ. ಅದರಲ್ಲೂ ನಾನೊಂದು ಶಾಸ್ತ್ರ ಮಾಡಿಕೊಂಡೆ. ಜೀವ ಇರುವುದು ಹಳದಿಯಲ್ಲಿ, ಕೊಲೆಸ್ಟ್ರಾಲು ಇರುವುದೂ ಅದರಲ್ಲೇ. ಬಿಳಿ ಲೋಳೆಯನ್ನಷ್ಟೇ ಕುಡಿದರೆ ಪಾಪವೂ ಕಮ್ಮಿ, ಹೃದಯಕ್ಕೂ ಕ್ಷೇಮ. ಹಾಗಾಗಿ ಲೋಟದ ತುಂಬ ಬಿಳಿ ನನಗೆ, ಬಟ್ಟಲ ತುಂಬ ಹಳದಿ ಓಬಳೇಶನ ನಾಯಿ ಕರಿಯನಿಗೆ. ಮೂಗು ಹಿಡಿದು, ಕಣ್ಣು ಮುಚ್ಚಿ, ಗಂಟಲಿಗೆ ಸುರಿದುಕೊಂಡು, ಎರಡು ಲವಂಗ ಅಗಿಯುತ್ತ ಮನೆಗೆ ಬರುತ್ತಿದ್ದೆ. ಗಿರಿಜಾ, "ನೋಡ್ರಿ, ವಾಕಿಂಗ್ ಹೋದ್ರೆ ಮುಖಕ್ಕೆ ಎಷ್ಟು ಕಳೆ ಬರ್ತೈತೆ" ಎಂದು ಬಿಸಿ ರೊಟ್ಟಿ ಹಾಕುತ್ತಿದ್ದಳು. ಕಳೆ ಅಲ್ಲ, ವಾಂತಿ ತಡೆದುಕೊಂಡ ಬೆವರು ಅದು.

ಕೆಲವು ವಾರಗಳಲ್ಲಿ ಏಣಿ ಹತ್ತುವಂತಾದೆ. ಜ್ವರದ ನಿತ್ರಾಣ ತಾನಾಗಿಯೇ ಇಳಿದಿತ್ತು ಎಂದು ಈಗ ತಿಳಿಯುತ್ತದೆ. ಆಗ ಕೀರ್ತಿಯನ್ನೆಲ್ಲ ಲೋಟಕ್ಕೆ ಕೊಟ್ಟೆ. ಗುಣ ಕೊಟ್ಟದ್ದನ್ನು ಬಿಡುವುದುಂಟೇ? ಲೋಟ ದೊಡ್ಡದಾಯಿತು. ತಿಂಗಳುಗಳು ಕಳೆದವು. ಮೊದಲು ಮೂಗಿನ ಪಕ್ಕ, ಬಾಯಿಯ ಸುತ್ತ ಕೆಂಪಗೆ ಪೊರೆ ಎದ್ದಿತು. ಕ್ಷೌರದ ಬ್ಲೇಡು ಸರಿಯಿಲ್ಲ ಎಂದುಕೊಂಡೆ. ಆಮೇಲೆ ಕಣ್ಣಂಚು. ಆಮೇಲೆ ಬಾಚಣಿಗೆ ತುಂಬ ಕೂದಲು. ಒಂದು ದಿನ ಮುಖ ತೊಳೆದು ಕನ್ನಡಿ ನೋಡಿದರೆ ಎಡಗಡೆ ಹುಬ್ಬು ಅರ್ಧಕ್ಕೇ ನಿಂತುಬಿಟ್ಟಿದೆ. ಅರ್ಧ ಹುಬ್ಬಿನ ಮನುಷ್ಯ ಏನು ಹೇಳಿದರೂ ಎದುರಿಗಿದ್ದವರಿಗೆ ಅನುಮಾನದ ಮಾತಿನಂತೆ ಕೇಳಿಸುತ್ತದೆ. "ಇದು ಅಪ್ಪಟ ರೇಷ್ಮೆ" ಎಂದರೆ ಗಿರಾಕಿಗಳು ನನ್ನ ಹುಬ್ಬು ನೋಡಿ, ಸೀರೆಯನ್ನು ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದರು. ಅತ್ತ ಕರಿಯನ ಮೈ ಮಾತ್ರ ಎಣ್ಣೆ ಹಚ್ಚಿದಂತೆ ಮಿರಮಿರ ಮಿಂಚುತ್ತಿತ್ತು. ಅದನ್ನು ದಿನಾ ನೋಡುತ್ತಿದ್ದ ನನಗೆ ಏನೂ ಹೊಳೆಯಲಿಲ್ಲವಲ್ಲ!

ಆಗಲೇ ಒಮ್ಮೆ ಸೀರೆ ತರಲು ಮೊಳಕಾಲ್ಮೂರಿಗೆ ಹೋದೆ. ಅಲ್ಲಿ ಹನುಮಕ್ಕ ಅಂತ, ಗಂಡನ ಜೊತೆ ಮಗ್ಗ ನಡೆಸುವ ಹೆಂಗಸು. ಮಾತು ಕನ್ನಡ, ನಡುನಡುವೆ ತೆಲುಗು ಇಣುಕುತ್ತದೆ. ಆಗತಾನೆ ಮಗ್ಗದಿಂದ ಇಳಿಸಿದ ಹಸಿರು ಸೀರೆಯನ್ನು ಚಾಪೆಯ ಮೇಲೆ ಹರಡಿದಳು. ನಾನು ಅಂಚು ನೋಡಲು ಬಗ್ಗಿದೆ. ಸೆರಗಿನ ಮೇಲೆ ಏನೋ ಉದುರಿತು. ಹನುಮಕ್ಕ ಗಾಬರಿಯಾಗಿ ಎತ್ತಿ ಬೆಳಕಿಗೆ ಹಿಡಿದಳು. "ಅಯ್ಯೋ, ಎಳೆ ಬಿಚ್ಕಂತೇನೋ ಅಂದ್ಕಂಡೆ ಅಣ್ಣಾ. ನಿಮ್ಮ ತಲೆ ಉದುರ್ತೈತೆ!" ನಾನು ನಗಲು ನೋಡಿದೆ. ಅವಳು ನಗಲಿಲ್ಲ. ಕೂದಲನ್ನು ಒಂದೊಂದಾಗಿ ಆರಿಸಿ ತೆಗೆದು, "ಪಾಪಂ, ಡಾಕ್ಟ್ರಿಗೆ ತೋರ್ಸಿ ಅಣ್ಣಾ. ಮನ್ಯಾಗೆ ಹೆಂಗಸ್ರು ಇದ್ದಾರಲ್ಲ, ಅವರ್ ಮುಖ ನೋಡಿಯಾದ್ರೂ ತೋರ್ಸಿ" ಎಂದಳು. ಆ ಮಾತು ನನಗೆ ನಾಟಿತು. ಏಕೆಂದರೆ ಮನೆಯ ಹೆಂಗಸರ ಮುಖವನ್ನು ನಾನು ಕೆಲವು ದಿನಗಳಿಂದ ಸರಿಯಾಗಿ ನೋಡುವುದನ್ನೇ ಬಿಟ್ಟಿದ್ದೆ. ಗಿರಿಜಾ ಸ್ನಾನದ ಮನೆಯಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದದ್ದು ನನಗೆ ಗೊತ್ತಿತ್ತು. ಅವಳ ಸೋದರಮಾವನಿಗೆ ದೊಡ್ಡ ಕಾಯಿಲೆ ಬಂದಾಗಲೂ ಮೊದಲು ಉದುರಿದ್ದು ಕೂದಲೇ ಅಂತೆ.

ನಮ್ಮ ಪೇಟೆಯ ಡಾಕ್ಟರಮ್ಮನ ಹತ್ತಿರ ಹೋದೆವು. ನಾನು, ಗಿರಿಜಾ, ಅವ್ವ. "ಊಟಕ್ಕೆ ಏನೇನು ತಗೊಳ್ತೀರಿ?" ಎಂದು ಆಕೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವ್ವ, "ಮುದ್ದೆ, ಸಾರು, ಮಜ್ಜಿಗೆ. ನಮ್ಮ ಹುಡುಗ ಹೊರಗೆ ಒಂದು ಬೋಂಡಾನೂ ಮುಟ್ಟಲ್ಲ ಕಣವ್ವ" ಎಂದುಬಿಟ್ಟಳು. ಐವತ್ತು ದಾಟಿದ ಹುಡುಗ ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬಗಳನ್ನು ಹುಡುಕತೊಡಗಿದ. ರಕ್ತ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಮುಲಾಮು ಕೊಟ್ಟರು, ಕೂದಲಿಗೆ ಬಯೋಟಿನ್ ಅಂತ ಮಾತ್ರೆ ಬರೆದರು. ನಾನು ಆ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಶಕ್ತಿಗೆ ಶಕ್ತಿ ಸೇರಲಿ ಎಂದು, ಓಬಳೇಶನ ಲೋಟದ ಜೊತೆಗೇ ನುಂಗತೊಡಗಿದೆ. ಬಲಗಡೆಯ ಹುಬ್ಬೂ ಹೊರಡಲು ಸಿದ್ಧವಾಯಿತು.

ಇತ್ತ ಅವ್ವ ಯಾರಿಗೂ ಹೇಳದೆ, ನನ್ನ ಮುಖ ತಿಳಿಯಾಗುವ ತನಕ ರಾತ್ರಿ ಊಟ ಮಾಡುವುದಿಲ್ಲ ಎಂದು ಹರಕೆ ಹೊತ್ತಿದ್ದಳು. ಹಸಿವಿಲ್ಲ ಎನ್ನುತ್ತಿದ್ದಳು, ನಾವು ವಯಸ್ಸು ಎಂದುಕೊಂಡೆವು. ಒಂದು ಸೋಮವಾರ ಬೆಳಗ್ಗೆ ಪೂಜೆಗೆ ಕೂತವಳು ಗಂಟೆ ಬಾರಿಸುತ್ತಲೇ ಪಕ್ಕಕ್ಕೆ ವಾಲಿದಳು. ಎತ್ತಿಕೊಂಡು ಅದೇ ಡಾಕ್ಟರಮ್ಮನ ಹತ್ತಿರ ಓಡಿದೆವು. ಅವ್ವನ ಮೈ ಎಷ್ಟು ಹಗುರವಾಗಿತ್ತೆಂದರೆ, ಅದುವರೆಗೆ ಗಳಿಸಿದ್ದ ನನ್ನ ತೋಳಿನ ಶಕ್ತಿಯೆಲ್ಲ ದಂಡವೆನಿಸಿತು. ಡ್ರಿಪ್ ಹಾಕಿ, ಅವ್ವ ಸ್ವಲ್ಪ ಚೇತರಿಸಿಕೊಂಡ ಮೇಲೆ ಡಾಕ್ಟರಮ್ಮ, "ಯಾಕಜ್ಜಿ ಊಟ ಬಿಟ್ಟಿದ್ದೀರಿ?" ಎಂದು ಕೇಳಿದರು. ಅವ್ವ ನನ್ನ ಕಡೆ ಕೈ ಮಾಡಿ, "ಇವನ ಮುಖ ನೋಡವ್ವ" ಎಂದಳು. ಅಷ್ಟೇ.

ಡಾಕ್ಟರಮ್ಮ ನೋಡಿದರು. ನನ್ನ ಮುಖವನ್ನು ಬೆಳಕಿಗೆ ತಿರುಗಿಸಿ ಇನ್ನೊಮ್ಮೆ ನೋಡಿದರು. "ಇನ್ನೊಂದ್ಸಲ ಹೇಳಿ. ಬೇರೆ ಏನು ತಗೊಳ್ತಿದ್ದೀರಿ?"

"ಮೊಟ್ಟೆ" ಎಂದೆ, ನನ್ನ ಚಪ್ಪಲಿಗೆ ಹೇಳುವಂತೆ.

"ಏನು?"

"ಮೊಟ್ಟೆ, ಡಾಕ್ಟ್ರೇ. ಕೋಳೀದು. ಹಸೀದು. ಬಿಳಿ ಮಾತ್ರ. ದಿನಾ, ಲೋಟದ ತುಂಬ."

ಗಿರಿಜಾ ಡ್ರಿಪ್ಪಿನ ಕಂಬ ಹಿಡಿದುಕೊಂಡಳು. ಅವ್ವ ಗೋಡೆ ಕಡೆ ಮುಖ ತಿರುಗಿಸಿದಳು. ಡಾಕ್ಟರಮ್ಮ ಮಾತ್ರ ಕುರ್ಚಿ ಎಳೆದು ಕೂತು ಸಮಾಧಾನವಾಗಿ ವಿವರಿಸಿದರು. ಹಸಿ ಮೊಟ್ಟೆಯ ಬಿಳಿಯಲ್ಲಿ ಒಂದು ಅಂಶ ಇರುತ್ತದಂತೆ. ಅದು ಹೊಟ್ಟೆಯೊಳಗಿನ ಬಯೋಟಿನ್ ಎಂಬ ಜೀವಸತ್ವವನ್ನು ಬಿಗಿಯಾಗಿ ತಬ್ಬಿಕೊಂಡು, ಮೈಗೆ ಹತ್ತಲು ಬಿಡದೆ ತನ್ನ ಜೊತೆಗೇ ಹೊರಗೆ ಕರೆದುಕೊಂಡು ಹೋಗುತ್ತದಂತೆ. ಎಂದೋ ಒಂದು ಹಸಿ ಮೊಟ್ಟೆ ಕುಡಿದವರಿಗೆ ಹೀಗಾಗುವುದಿಲ್ಲ. ನನ್ನ ಹಾಗೆ ತಿಂಗಳುಗಟ್ಟಲೆ ಲೋಟ ಎತ್ತಿದವರಿಗೆ ಆಗುತ್ತದೆ, ಅದೂ ಅಪರೂಪ. ಹಸಿ ಮೊಟ್ಟೆಯಿಂದ ಹೊಟ್ಟೆಗೆ ಸೋಂಕು ತಗಲುವ ಭಯ ಬೇರೆ. ಬೇಯಿಸಿದರೆ ಆ ಅಂಶದ ಹಿಡಿತ ಹೋಗುತ್ತದೆ. ಬಯೋಟಿನ್ ಚೆನ್ನಾಗಿ ಇರುವುದು ಹಳದಿಯಲ್ಲಿ. ಅಂದರೆ ಕರಿಯನ ಬಟ್ಟಲಲ್ಲಿ. "ಅದಿರ್ಲಿ, ನಾನು ಬಯೋಟಿನ್ ಮಾತ್ರೆನೇ ಕೊಟ್ಟಿದ್ದೆನಲ್ಲ?" ಎಂದರು. "ಅದನ್ನೂ ಹಸಿ ಮೊಟ್ಟೆ ಜೊತೆಗೇ ನುಂಗ್ತಿದ್ದೆ" ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, ಕಿಟಕಿಯ ಕಡೆ ತಿರುಗಿದರು. ಭುಜ ಅಲುಗುತ್ತಿತ್ತು. ವೈದ್ಯರು ರೋಗಿಯ ಎದುರು ನಗಬಾರದು ಎಂಬ ನಿಯಮ ಇರಬೇಕು.

ಗೋಡೆಯ ಕಡೆಯಿಂದ ಅವ್ವನ ಧ್ವನಿ ಬಂತು. "ಬೇಯಿಸಿದ್ರೆ ಏನೂ ಆಗಲ್ವೇನವ್ವ?"

"ಏನೂ ಆಗಲ್ಲಜ್ಜಿ. ತಿನ್ನದೇ ಇದ್ರೂ ಏನೂ ಆಗಲ್ಲ. ಕಡ್ಲೆಬೀಜ, ಕಾಳು ತಿಂದ್ರೆ ಸಾಕು."

ಅವ್ವ ಈ ಕಡೆ ತಿರುಗಿದಳು. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದರೆ, ಉಳಿದಿದ್ದ ಹುಬ್ಬಿನ ಮೇಲೆ ಬೆರಳಾಡಿಸಿ, "ಹಸೀದು ಹೆಂಗ್ ಕುಡಿದ್ಯೋ ನನ್ನಪ್ಪಾ! ನಿನಗೆ ಹಾಲಿನ ಕೆನೆ ಕಂಡ್ರೇ ಆಗ್ತಿರ್ಲಿಲ್ಲ" ಎಂದಳು. ಆಗ ನನಗೆ ಅಳು ಬಂತು. ಗಿರಿಜಾಗೆ ಮಾತ್ರ ಅಳು ಮುಗಿದು ಸಿಟ್ಟು ಶುರುವಾಗಿತ್ತು. "ನಾನು ಏನೇನೋ ಅಂದ್ಕಂಡು ದಿನಾ ಸಾಯ್ತಿದ್ದೆ. ನೀವು ಲವಂಗ ಅಗೀತಿದ್ರಿ!" ಎಂದವಳು ಎರಡು ದಿನ ಮಾತು ಬಿಟ್ಟಳು. ಓಬಳೇಶನಿಗೆ ಹೋಗಿ ಹೇಳಿದರೆ ಅವನು ತಣ್ಣಗೆ, "ಹೌದೇನಲೇ? ನನಗೆ ಹಸೀದು ಸೇರಲ್ಲಪ್ಪ. ನಾನು ದಿನಾ ಆಮ್ಲೆಟ್ಟೇ ತಿನ್ನೋದು" ಎಂದ.

ಆಸ್ಪತ್ರೆಯಿಂದ ಬಂದ ಅವ್ವ ತೀರ್ಪು ಕೊಟ್ಟಳು. ರುಚಿ ಹತ್ತಿದ ನಾಲಿಗೆ ಸುಮ್ಮನಿರುವುದಿಲ್ಲ, ಮತ್ತೆ ಕದ್ದು ಹಸಿಯದನ್ನೇ ಕುಡಿದು ಕೆಡುತ್ತಾನೆ. ಅದಕ್ಕಿಂತ ಹಿತ್ತಲಲ್ಲಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಂಡು ಬೇಯಿಸಿಕೊಂಡು ತಿನ್ನಲಿ. ನನಗೆ ಆ ರುಚಿ ಯಾವತ್ತೂ ಹತ್ತಿರಲಿಲ್ಲ. ಆದರೆ ಅಷ್ಟು ದೊಡ್ಡ ಮನಸ್ಸು ಮಾಡಿದವಳಿಗೆ 'ಬೇಡ' ಎನ್ನುವುದು ಹೇಗೆ? ಹೀಗಾಗಿ ಬೆಳಗ್ಗೆ ಹಿತ್ತಲಲ್ಲಿ ಮೂರು ಕಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಹೊಗೆಯಲ್ಲಿ ಒಲೆ ಊದುವುದು ನನ್ನ ಪಾಲಿಗೆ ಬಂತು. ಗಿರಿಜಾ ಮೂಗಿಗೆ ಸೆರಗು ಹಿಡಿದು, "ನೀರಿಗೆ ಚೂರು ಉಪ್ಪು ಹಾಕ್ರಿ" ಎಂದು ಅಡುಗೆಮನೆ ಕಿಟಕಿಯಿಂದ ಹೇಳಿಕೊಡುತ್ತಾಳೆ. ಅವ್ವ ಈ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ಆದರೆ ಪೂಜೆಯ ಮಧ್ಯೆ ಬೀದಿಗೆಲ್ಲ ಕೇಳುವಂತೆ, "ಲೇ ಚಂದ್ರಾ, ಸರಿಯಾಗಿ ಬೆಂತೇನೋ? ನೋಡು!" ಎಂದು ಕೂಗುತ್ತಾಳೆ. ಹುಬ್ಬು ಮೆಲ್ಲಗೆ ಚಿಗುರಿತು, ಮುಖ ತಿಳಿಯಾಯಿತು, ಅವ್ವ ರಾತ್ರಿ ಮುದ್ದೆ ಉಣ್ಣತೊಡಗಿದಳು.

ಮೊನ್ನೆ ಬೆಳಗ್ಗೆ ಅವ್ವ ಹೀಗೆ ಕೂಗಿದ ಹೊತ್ತಿಗೇ ಕಾಂಪೌಂಡಿನ ಆಚೆಯಿಂದ ಒಂದು ತಲೆ ಎದ್ದಿತು. ಪಕ್ಕದ ಮನೆಯ ರುದ್ರಪ್ಪನವರು. ನಮ್ಮ ಬೀದಿಯಲ್ಲಿ ಎಲ್ಲರಿಗಿಂತ ಉದ್ದನೆಯ ಪೂಜೆ ಅವರದು. ಎಂಬತ್ತರ ಹತ್ತಿರದ ವಯಸ್ಸು, ಹಣೆ ತುಂಬ ವಿಭೂತಿ, ತಲೆ ತುಂಬ ದಟ್ಟವಾದ ಬೆಳ್ಳಿ ಕೂದಲು. ಮಾನ ಹೋಯಿತು ಎಂದುಕೊಂಡು ಎದ್ದು ಕೈ ಮುಗಿದೆ. ಅವರು ಹಿಂದೆ ಮುಂದೆ ನೋಡಿ, ಧ್ವನಿ ತಗ್ಗಿಸಿ ಕೇಳಿದರು: "ಚಂದ್ರಣ್ಣ, ಪೂರ್ತಿ ಬೇಯಿಸಿಬಿಡ್ತೀಯೋ, ಇಲ್ಲಾ ಒಳಗೆ ಹಳದಿ ಚೂರು ಮೆತ್ತಗೆ ಬಿಡ್ತೀಯೋ? ನನಗೆ ಪೂರ್ತಿ ಬೆಂದದ್ದೇ ಸೇರೋದು. ವರ್ಷಾನುಗಟ್ಟಲೆಯಿಂದ ಹಂಗೇ ರೂಢಿ ನೋಡು."

ಪಾತ್ರೆಗೆ ಇನ್ನೊಂದು ಮೊಟ್ಟೆ ಬಿಟ್ಟೆ. ಕದ್ದು ಮೊಟ್ಟೆ ಕುಡಿಯಲು ನಾನು ಊರಾಚೆ ನನ್ನಿವಾಳದ ರಸ್ತೆವರೆಗೂ ಹೋಗಿದ್ದೆ. ಕಾಂಪೌಂಡಿನ ಮೇಲೆ ಕತ್ತು ಚಾಚಿದ್ದರೆ ಸಾಕಾಗಿತ್ತು.