ಎಲೆ ಬಿಟ್ಟ ಈಲಿ

ಓದಿದವರನ್ನು ಆಡಿಕೊಳ್ಳುವುದರಲ್ಲಿ ಇರುವ ಸುಖ ಓದುವುದರಲ್ಲಿ ಇದ್ದಿದ್ದರೆ ನಾನು ಎರಡನೆಯ ಕ್ಲಾಸಿಗೇ ಸ್ಲೇಟು ಮೂಲೆಗಿಡುತ್ತಿರಲಿಲ್ಲ. ಆಡಿಕೊಳ್ಳಲೆಂದೇ ದೇವರು ನನಗೆ ಮನೆಯಲ್ಲೇ ಒಬ್ಬರನ್ನು ಕೊಟ್ಟ. ಅವರು ನನ್ನ ಕಿರಿಯ ಅಳಿಯ. ಬೆಂಗಳೂರಿನಲ್ಲಿ ದನದ ಡಾಕ್ಟರಿಕೆ ಓದುವ ಹುಡುಗರಿಗೆ ಪಾಠ ಹೇಳುತ್ತಾರೆ. ಅದೂ ದನದ ಪಾಠವಲ್ಲ, ದನದ ಹೊಟ್ಟೆಯೊಳಗಿನ ಹುಳದ ಪಾಠ. ಹೆಣ್ಣು ಕೇಳಲು ಬಂದ ದಿನ ಅವರ ದೊಡ್ಡಪ್ಪ ಇದನ್ನು ಎದೆಯುಬ್ಬಿಸಿ ಹೇಳಿದರು. ನಾನು ಬಾಗಿಲ ಮರೆಯಿಂದಲೇ, "ಹುಳ ನೋಡೋದೂ ಒಂದು ಉದ್ಯೋಗವಾ? ಅವರೆಕಾಯಿ ಕಾಲದಲ್ಲಿ ನಮ್ಮನೆಗೆ ಬರೋಕೇಳಿ, ಮೊರದ ತುಂಬ ತೋರಿಸ್ತೀನಿ" ಎಂದೆ. ನಮ್ಮ ಯಜಮಾನರು ಕೆಮ್ಮಿದರು. ಅವರ ಕೆಮ್ಮಿಗೆ ನಾನು ಯಾವತ್ತೂ ಬೆಲೆ ಕೊಟ್ಟವಳಲ್ಲ.

ನನ್ನ ವಿದ್ಯೆ ಬೇರೆ, ಅದು ಕುರಿಯ ವಿದ್ಯೆ. ತವರಿನಿಂದ ಹೊಡೆದುಕೊಂಡು ಬಂದ ಎರಡು ಕುರಿಗಳ ಸಂತಾನ ಹನ್ನೆರಡಾಗಿತ್ತು. ಮನೆಯಲ್ಲಿ ನನ್ನದು ಎನ್ನುವಂಥದ್ದು ಅವಷ್ಟೇ, ಉಳಿದದ್ದೆಲ್ಲ ಗಂಡಸರದು. ಮಳೆ ನಿಂತು ಕೆರೆ ಅಂಚಿನಲ್ಲಿ ಹಸಿರು ಹುಲ್ಲು ಎದ್ದ ಕೂಡಲೇ ಅವನ್ನು ಅಲ್ಲಿಗೆ ಬಿಡುತ್ತಿದ್ದೆ. ತಿಂಗಳೊಳಗೆ ಕುಂಬಳಕಾಯಿಯಂತೆ ದುಂಡಗಾಗುತ್ತಿದ್ದವು. ಸಮೇತನಹಳ್ಳಿಯಲ್ಲಿ ಯಾರ ಕುರಿ ಸೊರಗಿದರೂ ನನ್ನನ್ನು ಕೇಳಿಕೊಂಡು ಬರುತ್ತಿದ್ದರು. ನಾನೂ ಕೇಳಿಸಿಕೊಳ್ಳುವ ಮೊದಲೇ ಮದ್ದು ಹೇಳುತ್ತಿದ್ದೆ. ಆದರೆ ಸೀಮೆಎಣ್ಣೆಗೂ ಸಾಲು ನಿಲ್ಲಬೇಕಾಗಿದ್ದ ಆ ಯುದ್ಧದ ಕಾಲದಲ್ಲಿ, ಒಂದು ಕಾರ್ತಿಕದಲ್ಲಿ, ನನ್ನ ಎರಡು ಕುರಿ ದವಡೆಯ ಕೆಳಗೆ ನೀರು ತುಂಬಿದ ಚೀಲದಂತೆ ಊದಿಕೊಂಡು ಸತ್ತವು. ಮೂರನೆಯದಾಗಿ ಗಬ್ಬದ ಕುರಿ ಚುಕ್ಕಿಯ ದವಡೆ ಊದತೊಡಗಿತು. ಕೆಟ್ಟ ಕಣ್ಣು ಬಿದ್ದಿದೆ ಎಂದು ತೀರ್ಮಾನಿಸಿ, ಕುಡುಗೋಲು ಕಾಯಿಸಿ ದವಡೆಗೆ ಎರಡು ಬರೆ ಹಾಕಿದೆ. ಊತ ಇಳಿಯಲಿಲ್ಲ.

ಮಗಳಿಂದ ಸುದ್ದಿ ತಿಳಿದು ಅಳಿಯಂದಿರು ಬಂದರು. ಜೊತೆಗೆ ಆರು ಜನ ವಿದ್ಯಾರ್ಥಿಗಳು, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಒಂದು ಹಿತ್ತಾಳೆ ದುರ್ಬೀನು. ಬಂದವರು ನೀರು ಕೇಳಲಿಲ್ಲ, ಕುರಿ ಹಿಕ್ಕೆ ಕೇಳಿದರು. ಇಸ್ತ್ರಿ ಷರಾಯಿಯ ಒಬ್ಬ ಅದನ್ನು ಮುತ್ತುಗದೆಲೆಯಲ್ಲಿ ಹಿಡಿದು ಮುಖ ತಿರುಗಿಸಿ ನಿಂತಿದ್ದ. "ಏನಪ್ಪಾ, ಪ್ರಸಾದಾನ ಹಂಗಾ ಹಿಡ್ಯೋದು?" ಎಂದೆ. ಹಿಕ್ಕೆಯನ್ನು ನೀರಿನಲ್ಲಿ ಕದಡಿ, ಗಾಜಿನ ತುಂಡಿನ ಮೇಲಿಟ್ಟು ದುರ್ಬೀನಿನಲ್ಲಿ ಒಬ್ಬೊಬ್ಬರೇ ನೋಡಿದರು. "ಮೊಟ್ಟೆ ಕಾಣುತ್ತೆ ಅಜ್ಜಿ, ನೀವೂ ನೋಡಿ" ಎಂದರು. ನೋಡಿದೆ. ನನಗೆ ಕಂಡದ್ದು ನನ್ನ ರೆಪ್ಪೆಯ ಕೂದಲು.

ಆಮೇಲೆ ಹುಣಸೆಮರದ ಕೆಳಗೆ ಪಾಠ. ಹುಳ ಕುರಿಯ ಈಲಿಯಲ್ಲಿ, ಅಂದರೆ ಅವರು ಲಿವರ್ ಎನ್ನುವ, ಪಿತ್ತ ಊರುವ ಕಡೆ, ಮನೆ ಮಾಡುತ್ತದಂತೆ. ಮೊಟ್ಟೆ ಹಿಕ್ಕೆಯ ಜೊತೆ ಕೆರೆಗೆ ಬಿದ್ದು, ಮರಿಯಾಗಿ, ಬಸವನಹುಳುವಿನ ಹೊಟ್ಟೆ ಸೇರಿ, ಅಲ್ಲಿಂದ ಹೊರಟು ಹುಲ್ಲಿಗೆ ಅಂಟಿಕೊಂಡು, ಮತ್ತೆ ಕುರಿಯ ಬಾಯಿಗೆ ಬರುತ್ತದಂತೆ. ಕಾಶಿಗೆ ಹೋದ ನಮ್ಮ ಭಾವನವರು ಕೂಡ ಇಷ್ಟು ಸುತ್ತಿರಲಿಲ್ಲ.

"ಅತ್ತೆಮ್ಮ, ಕುರಿಗಳನ್ನ ಕೆರೆ ಕಡೆ ಬಿಡ್ಬೇಡಿ. ಒಂದೊಂದೇ ಹೋಗ್ಬಿಡ್ತವೆ" ಎಂದರು ಅಳಿಯ.

"ಕೆರೆ ಹುಲ್ಲು ತಿಂದೇ ಇವು ಮೈ ಹಿಡಿದಿರೋದು ಅಳಿಯಂದ್ರೇ."

"ಹುಳ ಹೊಕ್ಕ ಹೊಸದ್ರಲ್ಲಿ ಮೈ ಹಿಡಿದಂಗೇ ಕಾಣ್ತವೆ. ಆಮೇಲೇ ಇಳಿಯೋದು."

ಹುಡುಗರೆಲ್ಲ ಇದನ್ನೂ ಬರೆದುಕೊಂಡರು. ನನಗೆ ಮೈ ಉರಿಯಿತು. ಹೇಗೂ ಅಳಿಯ ಬಂದಾಗ ಕುರಿ ಕೊಯ್ಯಬೇಕು. ಮಂದೆಯಲ್ಲಿ ಎಲ್ಲಕ್ಕಿಂತ ಕೊಬ್ಬಿದ್ದ ಟಗರನ್ನೇ ತೋರಿಸಿ, "ಇದರೊಳಗೆ ನಿಮ್ಮ ಹುಳ ಹುಡುಕ್ಕೊಳ್ಳಿ" ಎಂದು ಮಗನ ಕೈಗೆ ಕತ್ತಿ ಕೊಟ್ಟೆ.

ಅವನು ಟಗರು ಕೊಯ್ದು ಈಲಿ ತಂದು ನನ್ನ ಮುಂದಿಟ್ಟ. ನಾನು ಎಲ್ಲರನ್ನೂ ಸುತ್ತ ಕೂರಿಸಿಕೊಂಡು ಈಳಿಗೆಮಣೆಯಲ್ಲಿ ಹೆಚ್ಚಿದೆ. ನಾನು ಎಣಿಸಿದ್ದಂತೆಯೇ ಒಳಗಿನಿಂದ ಎಲೆಗಳು ಬಂದವು. ಚಪ್ಪಟೆ, ಬೆರಳಿನ ಉಗುರಿನಷ್ಟು, ಕಂದು ಬಣ್ಣ. "ನೋಡ್ರಪ್ಪಾ, ಬರ್ಕೊಳ್ಳಿ. ಚೆನ್ನಾಗಿ ಮೇಯ್ದ ಕುರಿ ಈಲೀಲಿ ಮಾತ್ರ ಹಿಂಗೆ ಎಲೆ ಬಿಡೋದು. ಬಡಕಲು ಕುರೀಲಿ ಇದು ಸಿಕ್ಕಲ್ಲ. ಮೂವತ್ತು ವರ್ಷದಿಂದ ನಾನೇ ಕೆರೆದು ಹಾಕ್ತಿದೀನಿ. ನನ್ನ ಸೊಸೇರಿಗೂ ಇದನ್ನೇ ಕಲಿಸಿದೀನಿ."

ಯಾರೂ ಬರೆದುಕೊಳ್ಳಲಿಲ್ಲ. ಷರಾಯಿಯ ಹುಡುಗ ಹಿತ್ತಲಿಗೆ ಓಡಿದ. ಅಳಿಯಂದಿರು ಒಂದು ಎಲೆಯನ್ನು ನನ್ನ ಅಂಗೈ ಮೇಲಿಟ್ಟರು. ಎಲೆ ಅಂಚು ಮಡಿಸಿಕೊಂಡು ಮೆಲ್ಲಗೆ ಹೊರಳಿತು.

"ಅತ್ತೆಮ್ಮ, ನನ್ನ ಪಾಠ ಇದೇ" ಎಂದರು. ಪುಣ್ಯಾತ್ಮ ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಗೆಲ್ಲಬಹುದಿತ್ತು.

ಆ ದಿನ ಬಾಡಿನ ಬದಲು ಎಲ್ಲರಿಗೂ ಬಸ್ಸಾರು ಮುದ್ದೆ. ಮರುದಿನದಿಂದ ಕುರಿಗಳು ಕೆರೆ ಬಿಟ್ಟು ದಿಣ್ಣೆ ಹತ್ತಿದವು. ಅಳಿಯಂದಿರು ಔಷಧಿ ಕುಡಿಸಿದರು. ಇನ್ನೂ ಒಂದು ಸತ್ತಿತು, ಎಂಟು ಉಳಿದವು. ಚುಕ್ಕಿ ಉಳಿದು ಒಂದು ಮರಿಯನ್ನೂ ಹಾಕಿತು.

ಈಗ ಅಳಿಯಂದಿರು ವರ್ಷವರ್ಷವೂ ಹೊಸ ಹುಡುಗರನ್ನು ಕರೆತರುತ್ತಾರೆ. ಬಸವನಹುಳುವಿನ ಪಾಠ ನನ್ನದೇ. ಹಿಕ್ಕೆಯಿಂದ ಹುಲ್ಲಿನವರೆಗೂ ಒಂದೂ ಬಿಡದೆ ಒಪ್ಪಿಸುತ್ತೇನೆ. ಕೆರೆ ಕಡೆ ಕುರಿ ಹೊಡೆದ ಹೆಂಗಸರನ್ನು, "ಇಷ್ಟೂ ಗೊತ್ತಿಲ್ವೇನೇ?" ಎಂದು ಬೈಯುತ್ತೇನೆ. ಎಲ್ಲ ಸುಸೂತ್ರವಾಗಿ ನಡೆಯುತ್ತದೆ. ಆದರೆ ಪ್ರತಿ ಸಲವೂ ಯಾವನಾದರೂ ಒಬ್ಬ ಚುಕ್ಕಿಯ ದವಡೆ ಮುಟ್ಟಿ, "ಅಜ್ಜಿ, ಇದೇನು ಈ ಎರಡು ಗೀಟು?" ಎನ್ನುತ್ತಾನೆ. ಅಳಿಯಂದಿರು ಹುಣಸೆಮರದ ತುದಿ ನೋಡುತ್ತಾ ನಿಲ್ಲುತ್ತಾರೆ.

"ಹುಟ್ಟುಮಚ್ಚೆ ಕಣಪ್ಪಾ, ಬರ್ಕೋ" ಎನ್ನುತ್ತೇನೆ.