ಪಿಸ್ತೂಲಿನ ಪೆಟ್ಟಿಗೆಯಲ್ಲಿ ಅತ್ತೆಯ ಅವಲಕ್ಕಿ ಸರ

ಮಾರ್ಚ್ ಎಂಟು, ಶನಿವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿರುವ ನಮ್ಮ ಮನೆಯ ಫ್ರಿಜ್ಜಿನ ಮೇಲೆ ನಾನು ಆ ದಿನದ ವೇಳಾಪಟ್ಟಿಯನ್ನು ಅಂಟಿಸಿದೆ. ಒಂಬತ್ತಕ್ಕೆ ಕ್ಲಬ್. ಹನ್ನೆರಡೂ ಐವತ್ತಕ್ಕೆ ಅಲ್ಲಿಂದ ವಾಪಸು. ಎರಡಕ್ಕೆ ಸ್ನಾನ. ಮೂರಕ್ಕೆ ಟ್ಯಾಕ್ಸಿ. ಐದೂವರೆಗೆ ಮೆಲ್ಬರ್ನ್ ವಿಮಾನ. ಇಷ್ಟು ಸರಳವಾದ ದಿನದಲ್ಲಿ ತಪ್ಪು ನುಸುಳಲು ಜಾಗವೇ ಇಲ್ಲವೆಂದು ನಾನು ನಂಬಿದ್ದೆ.

ಪಟ್ಟಿಯಲ್ಲಿ ‘ಕ್ಲಬ್’ ಎಂದಷ್ಟೇ ಇತ್ತು. ಯಾವ ಕ್ಲಬ್ ಎಂದು ಬರೆಯದಿರಲು ಕಾರಣ, ಹಾಸನದಿಂದ ಬಂದು ನಮ್ಮ ಮನೆಯಲ್ಲಿದ್ದ ನನ್ನ ಅತ್ತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅಳಿಯ ಶನಿವಾರಗಳಲ್ಲಿ ಬ್ಯಾಡ್ಮಿಂಟನ್ ಆಡುತ್ತಾನೆಂದು ಅವರು ತಾವಾಗಿಯೇ ತಿಳಿದುಕೊಂಡಿದ್ದರು. ನಾವು ತಿದ್ದಲಿಲ್ಲ, ಅಷ್ಟೆ. ನಾನು ಹೋಗುತ್ತಿದ್ದದ್ದು ಪಿಸ್ತೂಲ್ ಕ್ಲಬ್ಬಿಗೆ.

ನನ್ನ ಹೆಂಡತಿ ನಂದಿತಾಳ ಕಥೆ ಬೇರೆ. ಅವಳ ಒಪ್ಪಿಗೆ ಇಲ್ಲದೆ ನಮ್ಮ ಮನೆಗೆ ಚಮಚವೂ ಬರುವುದಿಲ್ಲ. ಕ್ಲಬ್ ಸೇರಿ, ಕೋರ್ಸು ಮುಗಿಸಿ, ತಿಂಗಳುಗಟ್ಟಲೆ ಕ್ಲಬ್ಬಿನ ಪಿಸ್ತೂಲಿನಲ್ಲೇ ಗುರಿ ಹಿಡಿಯುವುದನ್ನು ಕಲಿತ ಮೇಲೆ, ನನ್ನದೇ ಆದ ಒಂದನ್ನು ಕೊಳ್ಳುವ ಆಸೆಯನ್ನು ಒಂದು ಸಂಜೆ ಅವಳ ಮುಂದಿಟ್ಟೆ.

“ಪಿಸ್ತೂಲಾ? ಮನೇಲಾ? ತಲೆ ಕೆಟ್ಟಿದ್ಯಾ ನಿಂಗೆ?”

“ಸುಮ್ನೆ ಇಡೋ ಹಾಗಿಲ್ಲ. ಉಕ್ಕಿನ ಸೇಫ್ ಬೇಕು. ಅದನ್ನ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಕೂರಿಸ್ಬೇಕು. ಪೊಲೀಸರು ಬಂದು ನೋಡ್ತಾರೆ.”

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಮಡಚುವುದನ್ನು ನಿಲ್ಲಿಸಿದಳು. “ಎಷ್ಟು ದೊಡ್ಡದು ಸೇಫು?”

ಹೀಗೆ ಪಿಸ್ತೂಲಿಗೆ ಒಪ್ಪಿಗೆ ಸಿಗಲಿಲ್ಲ, ಸೇಫಿಗೆ ಸಿಕ್ಕಿತು. ಇಲ್ಲಿ ಬ್ಯಾಂಕಿನಲ್ಲಿ ಲಾಕರ್ ಸಿಗುವುದು ಕಷ್ಟ. ನಮ್ಮ ಸಬರ್ಬಿನ ವಾಟ್ಸ್ಯಾಪ್ ಗುಂಪಿನಲ್ಲಿ ಒಡವೆ ಕಳವಾದ ಸುದ್ದಿ ಬಂದಾಗಲೆಲ್ಲ ಅವಳು ಎದ್ದುಹೋಗಿ ತೊಗರಿಬೇಳೆ ಡಬ್ಬಕ್ಕೆ ಕೈಹಾಕಿ ನೋಡಿ ಬರುತ್ತಿದ್ದಳು. ಅವಳ ಮದುವೆಯ ಬಳೆಗಳು ಮೂರು ವರ್ಷದಿಂದ ಅಲ್ಲಿಯೇ ಇದ್ದವು. ಸೇಫ್ ಬಂದ ದಿನ ಒಡವೆಗಳೆಲ್ಲ ಮೇಲಿನ ತಟ್ಟೆಯನ್ನು ಹಿಡಿದವು. ಇನ್ನೂ ಕೊಳ್ಳದ ಪಿಸ್ತೂಲಿಗೆ ಕೆಳಗಿನ ತಟ್ಟೆ ಉಳಿಯಿತು.

ಆದರೆ ಕಾನೂನಿನ ಪ್ರಕಾರ ಆ ಸೇಫಿನ ಕೀ ಲೈಸೆನ್ಸ್ ಇರುವವನ ಹತ್ತಿರ ಮಾತ್ರ ಇರಬೇಕು. ಅಂದರೆ ನನ್ನ ಹತ್ತಿರ. ಹಬ್ಬ ಬಂದರೆ ಗರ್ಭಗುಡಿಯ ಬಾಗಿಲು ತೆಗೆಯುವ ಅರ್ಚಕನಂತೆ ನಾನು ಒಳಗೆ, ಕೈಚಾಚಿ ನಿಂತ ಭಕ್ತೆಯಂತೆ ಅವಳು ಹೊರಗೆ. ನನ್ನ ದಾಂಪತ್ಯದಲ್ಲಿ ನನಗೆ ಸಿಕ್ಕ ಏಕೈಕ ಅಧಿಕಾರ ಅದು. ಅದನ್ನು ನಾನು ಗಂಭೀರವಾಗಿಯೇ ನಿರ್ವಹಿಸುತ್ತಿದ್ದೆ.

ಅತ್ತೆ ಬಂದಾಗ ಅವರ ಒಡವೆಯೂ ಸೇಫಿಗೆ ಸೇರಿತು. ಅದರಲ್ಲಿ ಮುಖ್ಯವಾದದ್ದು ಒಂದು ಅವಲಕ್ಕಿ ಸರ, ಅವರ ಅಜ್ಜಿಯ ಕಾಲದ್ದು. ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ನಂದಿತಾಳ ಅಕ್ಕ ಕವಿತಾ ಮನೆ ಕಟ್ಟಿಸಿದ್ದಳು. ಭಾನುವಾರ ಬೆಳಗ್ಗೆ ಆರೂ ಇಪ್ಪತ್ತಕ್ಕೆ ಗೃಹಪ್ರವೇಶ. ಮಗಳು ಸ್ವಂತ ಮನೆಯ ಹೊಸ್ತಿಲು ದಾಟುವ ಮೊದಲು ತಾಯಿ ಆ ಸರವನ್ನು ಅವಳ ಕೊರಳಿಗೆ ಹಾಕಬೇಕು. ಅತ್ತೆ ಅಷ್ಟು ದೂರದಿಂದ ಬಂದದ್ದೇ ಅದಕ್ಕೆ. ಅವರಿಗೆ ಅವರ ತಾಯಿ ಹಾಗೆಯೇ ಹಾಕಿದ್ದರಂತೆ. ಮೆಲ್ಬರ್ನಿನಲ್ಲಿ ಸೋಮವಾರವೂ ರಜೆ ಇದ್ದುದರಿಂದ ವಿಮಾನಗಳೆಲ್ಲ ಭರ್ತಿ. ಐದೂವರೆಯದು ತಪ್ಪಿದರೆ ಬೇರೆ ದಾರಿ ಇರಲಿಲ್ಲ.

ಇನ್ನು ಪಿಸ್ತೂಲು. ಅದನ್ನು ಕೊಂಡದ್ದು ಗುರುವಾರ ಸಂಜೆ. ಅಂಗಡಿಯವನು ಬಿಳಿ ಗಡ್ಡದ, ಮಾತು ಕಡಿಮೆಯ ಮನುಷ್ಯ. ನಾನು ಐದು ಪಿಸ್ತೂಲುಗಳ ಗುಣದೋಷಗಳನ್ನು ತುಲನೆ ಮಾಡಿ, ಅಂಕ ಕೊಟ್ಟು, ಸ್ಪ್ರೆಡ್‌ಶೀಟ್ ಮಾಡಿಕೊಂಡು ಹೋಗಿದ್ದೆ. ಅವನು ಅದನ್ನು ಪೂರ್ತಿ ನೋಡಿ, “ಕೈಗೆ ಯಾವುದು ಹಿತ ಅನ್ನಿಸುತ್ತೆ?” ಎಂದು ಕೇಳಿದ. ಆ ಕಾಲಮ್ಮು ನನ್ನ ಹಾಳೆಯಲ್ಲಿ ಇರಲಿಲ್ಲ. ಕೊನೆಗೆ ಅಂಕಗಳಲ್ಲಿ ನಾಲ್ಕನೆಯದಾಗಿದ್ದ, ಆದರೆ ಮರದ ಹಿಡಿ ಬಹಳ ಚೆನ್ನಾಗಿದ್ದ ಸಣ್ಣ ಗುಂಡಿನ ಪಾಯಿಂಟ್ ಟೂಟೂ ಗುರಿಪಿಸ್ತೂಲನ್ನು ತಂದೆ. ಶನಿವಾರ ಅದರ ಚೊಚ್ಚಲ ಪರೀಕ್ಷೆ.

ಕ್ಲಬ್ಬಿನಲ್ಲಿ ನನ್ನ ಪಕ್ಕದ ಲೇನಿನಲ್ಲಿದ್ದವರು ಮಾರ್ಗರೆಟ್. ಎಪ್ಪತ್ತು ದಾಟಿದ ಅಜ್ಜಿ. ಎರಡು ಸರದಿಗಳ ನಡುವೆ ಸ್ವೆಟರ್ ಹೆಣೆಯುತ್ತಾರೆ. ನಾನು ಮೊದಲ ಹತ್ತು ಗುಂಡು ಹೊಡೆದು ದೂರದರ್ಶಕದಲ್ಲಿ ನೋಡಿದೆ. ನನ್ನ ಕಾಗದದ ಎಡ ಅಂಚಿನಲ್ಲಿ ನಾಲ್ಕು ತೂತು. ಮಿಕ್ಕವು ಎಲ್ಲಿ ಹೋದವೋ ಆಸ್ಟ್ರೇಲಿಯಾಕ್ಕೇ ಗೊತ್ತು. ಗುರಿ ಎಡಕ್ಕೆ ಎಳೆಯುತ್ತಿದೆ ಎಂದು ತೀರ್ಮಾನಿಸಿ, ಪಿಸ್ತೂಲಿನ ಜೊತೆ ಬಂದ ಪುಸ್ತಕ ತೆಗೆದು ಓದಿ, ಗುರಿ ಸರಿಪಡಿಸುವ ಹಿಂಬದಿಯ ಪುಟ್ಟ ತಿರುಪನ್ನು ಆರು ಹಲ್ಲು ತಿರುಗಿಸಿದೆ. ಮತ್ತೆ ಹತ್ತು ಹೊಡೆದೆ. ದೂರದರ್ಶಕದಲ್ಲಿ ಕಣ್ಣಿಟ್ಟರೆ ನಟ್ಟನಡುವೆ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ತೂತುಗಳ ಗೊಂಚಲು.

ಹೆಮ್ಮೆಯನ್ನು ಹತ್ತಿಕ್ಕಿಕೊಂಡೆ. ತಿರುಪು ಸರಿಯಾಯಿತೆಂದು ಬರೆದುಕೊಂಡು, ಅದನ್ನು ಮುಟ್ಟದೆ ಇನ್ನಿಪ್ಪತ್ತು ಹೊಡೆದೆ. ಗೊಂಚಲು ಇನ್ನಷ್ಟು ದಟ್ಟವಾಯಿತು.

ಗುಂಡು ಹಾರಿಸುವುದು ನಿಂತು, ಕಾಗದ ತರಲು ಎಲ್ಲರೂ ಮುಂದೆ ಹೋದಾಗ ಮಾರ್ಗರೆಟ್ ನನ್ನ ಭುಜ ತಟ್ಟಿ ಹೇಳಿದರು. “ಮಗನೇ, ನೀನು ಆಗಿನಿಂದ ನನ್ನ ಕಾಗದವನ್ನೇ ನೋಡಿ ನಗುತ್ತಿದ್ದೀಯ. ಚೆನ್ನಾಗಿದೆಯಾ?”

ಪುಸ್ತಕ ತೆಗೆಯುವಾಗ ನನ್ನ ಮೊಣಕೈ ತಗುಲಿ ದೂರದರ್ಶಕ ಅವರ ಗುರಿಯ ಕಡೆ ತಿರುಗಿತ್ತು. ತಿರುಪು ತಪ್ಪು ದಿಕ್ಕಿಗೆ ತಿರುಗಿತ್ತು. ಒಟ್ಟು ಲೆಕ್ಕ: ಹೊಡೆದದ್ದು ನಲವತ್ತು, ನನ್ನ ಕಾಗದಕ್ಕೆ ಬಿದ್ದದ್ದು ಹನ್ನೊಂದು.

ಈ ಅವಮಾನವನ್ನು ಬರೆದುಕೊಳ್ಳುವಷ್ಟರಲ್ಲಿ ಗಂಟೆ ಹನ್ನೆರಡೂ ಐವತ್ತೈದು. ಐದು ನಿಮಿಷ ತಡ. ಬಾಗಿಲ ಬಳಿ, ಹೊರಡುವ ಮುನ್ನ ಕೈ ತೊಳೆಯಿರಿ ಎಂದು ದಪ್ಪಕ್ಷರದ ಫಲಕವಿದೆ. ಪ್ರತಿವಾರ ತೊಳೆಯುತ್ತೇನೆ. ಅಂದು ವೇಳಾಪಟ್ಟಿಯನ್ನು ಕಾಪಾಡಲು ಬಿಟ್ಟೆ.

ಮನೆಗೆ ಬಂದು ನಿಯಮದಂತೆ ಪಿಸ್ತೂಲನ್ನು ಸೇಫಿನಲ್ಲಿಟ್ಟೆ. ಉಳಿದ ಗುಂಡುಗಳನ್ನು ಅವುಗಳ ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಇದರಲ್ಲಿ ಯಾರೂ ತಪ್ಪು ಹುಡುಕಲಾರರು. ಆಮೇಲೆ ಅದೇ ಕೈಯಲ್ಲಿ ಒಡವೆಯ ಮಖಮಲ್ಲಿನ ಚೀಲ ತೆಗೆದೆ. ಅವಸರದವನಾದರೆ ಚೀಲವನ್ನು ಹಾಗೆಯೇ ಕೊಟ್ಟುಬಿಡುತ್ತಿದ್ದ. ನಾನು ಕ್ರಮದ ಮನುಷ್ಯ. ನಂದಿತಾಳ ಬಳೆಗಳಿಂದ ಹಿಡಿದು ಒಂದೊಂದು ಒಡವೆಯನ್ನೂ ಹೊರತೆಗೆದು, ಎಣಿಸಿ, ಅವಲಕ್ಕಿ ಸರದ ಎಸಳುಗಳನ್ನು ಬೆರಳಿನಿಂದ ನೀವಿ ನೇರಮಾಡಿ, ಮತ್ತೆ ಚೀಲಕ್ಕೆ ಹಾಕಿ, ಬಾಗಿಲ ಹೊರಗೆ ಕಾಯುತ್ತಿದ್ದ ಅತ್ತೆಗೆ ಒಪ್ಪಿಸಿದೆ. ಅವರು ಅದನ್ನು ತಮ್ಮ ಹ್ಯಾಂಡ್‌ಬ್ಯಾಗಿನಲ್ಲಿಟ್ಟುಕೊಂಡರು. ನಾನು ಹೋಗಿ ಎರಡು ಸಲ ಸೋಪು ಹಚ್ಚಿ ತಲೆಗೆ ಸ್ನಾನ ಮಾಡಿದೆ.

ಸಿಡ್ನಿ ವಿಮಾನ ನಿಲ್ದಾಣ, ನಾಲ್ಕೂ ಮೂವತ್ತೈದು. ತಪಾಸಣೆ ದಾಟಿದ ಮೇಲೆ ಒಬ್ಬ ತರುಣಿ ಕಡ್ಡಿಗೆ ಸಿಕ್ಕಿಸಿದ ಬಟ್ಟೆಯ ಚೂರಿನಿಂದ ಕೆಲವರ ಕೈ, ಚೀಲಗಳನ್ನು ಒರೆಸಿ ಯಂತ್ರಕ್ಕೆ ತೋರಿಸುತ್ತಿದ್ದಳು. ಸ್ಫೋಟಕದ ಸುಳಿವು ಹುಡುಕುವ ಯಂತ್ರ. ನನ್ನನ್ನು ಕರೆದಳು. ಒರೆಸಿದಳು. ಹಸಿರು ದೀಪ. ಮುಂದೆ ಅತ್ತೆಯನ್ನು ಕರೆದಳು.

ಯಂತ್ರ ಕೂಗಿತು.

ಹೊಸ ಬಟ್ಟೆ ಹಾಕಿ ಬ್ಯಾಗಿನ ಒಳಗೆ ಒರೆಸಿದಳು. ಮತ್ತೆ ಕೂಗಿತು. ಮಖಮಲ್ಲಿನ ಚೀಲ ಬಿಚ್ಚಿ ಅವಲಕ್ಕಿ ಸರವನ್ನೇ ಒರೆಸಿದಳು. ಈ ಸಲ ಕೂಗು ನಿಲ್ಲಲೇ ಇಲ್ಲ. ಆ ದಿನ ನಾನು ನೂರಕ್ಕೆ ನೂರು ಗಳಿಸಿದ್ದು ಅಲ್ಲಿ ಮಾತ್ರ.

ಮೇಲ್ವಿಚಾರಕ ಬಂದ. ಅವನ ಹಿಂದೆ ಎತ್ತರದ ಒಬ್ಬ ಪೊಲೀಸ್ ಅಧಿಕಾರಿಣಿ ಬಂದರು. ರೇಷ್ಮೆ ಸೀರೆ, ಬಿಳಿ ಸ್ನೀಕರ್ಸ್, ಹಣೆಯಲ್ಲಿ ಕುಂಕುಮ ಇದ್ದ ನನ್ನ ಅತ್ತೆಯನ್ನು ಪಕ್ಕಕ್ಕೆ ಕರೆದು ಕುರ್ಚಿಯಲ್ಲಿ ಕೂರಿಸಿದರು. ಮೂವತ್ತು ವರ್ಷ ಬೇರೆಯವರನ್ನು ಎದ್ದು ನಿಲ್ಲಿಸಿ ಪ್ರಶ್ನೆ ಕೇಳಿದವರು ಈಗ ಕೂತು ಉತ್ತರ ಹೇಳಬೇಕಿತ್ತು. ಅವರು ಕೈಯನ್ನು ಮಡಿಲಲ್ಲಿಟ್ಟುಕೊಂಡು ಗೋಡೆಯ ಗಡಿಯಾರವನ್ನೇ ನೋಡುತ್ತಿದ್ದರು.

“ಏನ್ರೀ ಇದು?” ಎಂದಳು ನಂದಿತಾ. ಅಮ್ಮನ ಎದುರು ಅವಳಿಗೆ ನಾನು ‘ನೀವು’. ನನ್ನ ಮುಖ ನೋಡಿದ ಮೇಲೆ ಅವಳ ದನಿ ಇಳಿಯಿತು. “ಕೈ ತೊಳ್ಕೊಂಡಿದ್ಯಾ ನೀನು, ಸೇಫ್ ತೆಗೆಯೋಕೆ ಮುಂಚೆ?”

“ಆಮೇಲೆ ಸ್ನಾನಾನೇ ಮಾಡಿದ್ನಲ್ಲ.”

“ಆಮೇಲೆ.” ಅವಳು ಕಣ್ಣು ಮುಚ್ಚಿಕೊಂಡಳು. “ಫ್ಲೈಟ್ ತಪ್ಪಿದ್ರೆ ಆ ಪಿಸ್ತೂಲು ಮಾರ್ತೀಯ. ಸೋಮವಾರಾನೇ. ಈಗ ಹೋಗಿ ಹೇಳು.”

ಹೋಗಿ ಹೇಳಿದೆ. ನಾನು ಪಿಸ್ತೂಲ್ ಕ್ಲಬ್ಬಿನ ಸದಸ್ಯ, ಬೆಳಿಗ್ಗೆ ಹೊಸ ಪಿಸ್ತೂಲು ಪರೀಕ್ಷಿಸಿದೆ, ಇಗೋ ಲೈಸೆನ್ಸು. ಅಧಿಕಾರಿಣಿ ಕಾರ್ಡನ್ನು ತಿರುಗಿಸಿ ನೋಡಿದರು.

“ಬಂದೂಕು ಈಗ ಎಲ್ಲಿದೆ?”

“ಮನೆಯಲ್ಲಿ. ಬೋಲ್ಟ್ ಹಾಕಿದ ಸೇಫಿನಲ್ಲಿ.”

“ಕೀ?”

“ನನ್ನ ಜೇಬಿನಲ್ಲಿ.”

“ಹಾಗಾದರೆ ಈ ನೆಕ್ಲೇಸಿಗೆ ಬಂದೂಕಿನ ಮದ್ದು ಹೇಗೆ ತಗುಲಿತು?”

“ಅದೂ ಸೇಫಿನಲ್ಲಿತ್ತು. ಮೇಲಿನ ತಟ್ಟೆಯಲ್ಲಿ. ನಾನು ಎಣಿಸಿದೆ.”

ಅವರು ಅದನ್ನೂ ಬರೆದುಕೊಂಡರು. ಆಮೇಲೆ ಕಾರ್ಡಿನೊಂದಿಗೆ ಒಂದಿಷ್ಟು ದೂರ ಹೋಗಿ ಫೋನಿನಲ್ಲಿ ಮಾತಾಡತೊಡಗಿದರು. ನಾನು ಅತ್ತೆಯ ಮುಂದೆ ನಿಂತೆ. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಎಲ್ಲವೂ ಕೇಳಿಸಿತ್ತು.

“ಬ್ಯಾಡ್ಮಿಂಟನ್ ಅಲ್ಲ, ಹಾಗಾದ್ರೆ,” ಎಂದರು.

“ಅಲ್ಲ ಅತ್ತೆ.”

“ಎಷ್ಟು ಹೊಡೆದ್ರಿ?”

“ನಲವತ್ತು.”

“ಎಷ್ಟು ಬಿತ್ತು?”

ಆ ಕ್ಷಣದಲ್ಲಿ ಸುಳ್ಳು ಹೇಳುವ ಧೈರ್ಯ ಯಾರಿಗೆ ತಾನೇ ಬರುತ್ತದೆ? “ಹನ್ನೊಂದು.”

ಅತ್ತೆಯ ತುಟಿ ಒಂದು ಕ್ಷಣ ಅಲುಗಿತು. “ಇಪ್ಪತ್ತೇಳೂವರೆ ಪರ್ಸೆಂಟು. ಪಾಸಾಗೋಕೆ ಮೂವತ್ತೈದು ಬೇಕು, ಅಳಿಯಂದ್ರೆ.”

ನಂದಿತಾ ಮುಖ ತಿರುಗಿಸಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಳುತ್ತಿಲ್ಲವೆಂದು ಖಾತ್ರಿಯಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಅಧಿಕಾರಿಣಿ ವಾಪಸು ಬಂದು ಕಾರ್ಡು ಕೊಟ್ಟರು. ಎಲ್ಲ ಸರಿಯಿದೆ, ಹೊರಡಬಹುದು ಎಂದರು. ನಾನು ಉಸಿರು ಬಿಟ್ಟೆ. ಬೆಳಿಗ್ಗೆಯಿಂದ ಹಿಡಿದಿಟ್ಟಿದ್ದ ಉಸಿರು ಅದೇ ಇರಬೇಕು, ಅಷ್ಟು ಉದ್ದವಿತ್ತು. ಅವರು ಸರವನ್ನು ತಾವೇ ಎತ್ತಿ ಅತ್ತೆಯ ಕೈಗೆ ಕೊಡುತ್ತಾ, “ತುಂಬಾ ಚೆನ್ನಾಗಿದೆ. ಇವರ ಕೈಗೆ ಕೊಡಬೇಡಿ,” ಎಂದರು.

ಆಮೇಲಿನದು ಓಟ. ಗೇಟು ಕೊನೆಯಲ್ಲಿತ್ತು. ಗೇಟುಗಳೆಲ್ಲ ಯಾಕೋ ನಮಗೆ ಕೊನೆಯಲ್ಲೇ ಇರುತ್ತವೆ. ಎಲ್ಲರಿಗಿಂತ ಮುಂದೆ ಸೀರೆ ಎತ್ತಿಹಿಡಿದು ಬಿಳಿ ಸ್ನೀಕರ್ಸಿನಲ್ಲಿ ಅತ್ತೆ ಓಡುತ್ತಿದ್ದರು. ಬಾಗಿಲು ಮುಚ್ಚಲು ಹೊರಟಿದ್ದ ಹುಡುಗ ಅವರನ್ನು ನೋಡಿ ಕೈ ಹಿಂದೆಗೆದ. ಹತ್ತಿದೆವು.

ಭಾನುವಾರ ಆರೂ ಇಪ್ಪತ್ತಕ್ಕೆ, ಕ್ರಾನ್‌ಬರ್ನ್‌ನ ಹೊಸ ಮನೆಯ ಹೊಸ್ತಿಲ ಹೊರಗೆ, ಅತ್ತೆ ಅವಲಕ್ಕಿ ಸರವನ್ನು ಕವಿತಾಳ ಕೊರಳಿಗೆ ಹಾಕಿದರು. ಕವಿತಾ ಅತ್ತಳು. ಅತ್ತೆ ಅಳಲಿಲ್ಲ, ಕೊಂಡಿ ಸರಿಯಾಗಿ ಬಿದ್ದಿದೆಯೇ ಎಂದು ಎರಡು ಸಲ ನೋಡಿದರು. ನನ್ನ ಷಡ್ಡಕ ಮಾತ್ರ ಆರತಿ ತಟ್ಟೆಯನ್ನು ನನ್ನ ಕೈಗೆ ಕೊಡಲು ಬಂದವನು ಅತ್ತೆಯ ಮುಖ ನೋಡಿ ನಿಂತ.

“ಮೊದ್ಲು ಕೈ ತೊಳ್ಕೊಂಡು ಬರ್ಲಿ,” ಎಂದರು ಅತ್ತೆ.

ಆ ಮನೆಯ ಹೊಸ ನಲ್ಲಿಗಳನ್ನು ಉದ್ಘಾಟಿಸಿದ ಗೌರವ ಹೀಗೆ ನನಗೆ ಸಂದಿತು.

ಪಿಸ್ತೂಲಿನ ವಿಚಾರಣೆ ಮಧ್ಯಾಹ್ನ ಊಟವಾದ ಮೇಲೆ ನಡೆಯಿತು. ಮಾರಲೇಬೇಕೆಂದು ನಂದಿತಾ ವಾದ ಮಂಡಿಸಿದಳು. ವಿಮಾನ ತಪ್ಪಲಿಲ್ಲವೆಂದು ನಾನು ವಾದಿಸಿದೆ. ಅತ್ತೆ ಹೋಳಿಗೆಯ ತಟ್ಟೆಯನ್ನು ಪಕ್ಕಕ್ಕಿಟ್ಟು ತೀರ್ಪು ಕೊಟ್ಟರು. “ಫೇಲಾದ ಹುಡುಗ್ರು ಸ್ಕೂಲ್ ಬಿಡ್ಬಾರ್ದು. ಮೂವತ್ತೈದು ಬರೋವರೆಗೂ ಹೋಗ್ಲಿ. ಒಡವೆ ಮಾತ್ರ ಬೇಳೆ ಡಬ್ಬಕ್ಕೆ ವಾಪಸ್ ಬರ್ಲಿ.”

ಪಿಸ್ತೂಲು ಉಳಿಯಿತು. ನನ್ನ ಅರ್ಚಕ ಪದವಿ ಹೋಯಿತು. ಎರಡನ್ನೂ ತೂಗಿ ನೋಡಿದರೆ ನೆಮ್ಮದಿಯ ತಟ್ಟೆಯೇ ತುಸು ಹೆಚ್ಚು ತೂಗುತ್ತದೆ.

ಇದನ್ನು ಬರೆಯುತ್ತಿರುವುದು ಸೋಮವಾರ ಸಂಜೆ, ಕ್ರಾನ್‌ಬರ್ನ್‌ನ ಹೊಸ ಅಡುಗೆಮನೆಯಲ್ಲಿ ಕೂತು. ಅವಲಕ್ಕಿ ಸರ ಇಲ್ಲೇ ಉಳಿಯುತ್ತದೆ. ಆದರೆ ನಂದಿತಾಳ ಬಳೆಗಳೂ ಆ ಮಖಮಲ್ಲಿನ ಚೀಲವೂ ಅತ್ತೆಯ ಹ್ಯಾಂಡ್‌ಬ್ಯಾಗೂ ನಾಳೆ ಮಧ್ಯಾಹ್ನದ ವಿಮಾನದಲ್ಲಿ ಸಿಡ್ನಿಗೆ ಮರಳಬೇಕು. ಮೆಲ್ಬರ್ನಿನಲ್ಲೂ ಅಂಥದೇ ಯಂತ್ರವಿದೆಯಂತೆ. ಬಳೆಗಳನ್ನು ಅತ್ತೆ ಅಂಟುವಾಳದ ನೊರೆಯಲ್ಲಿ ನೆನೆಹಾಕಿದ್ದಾರೆ. ಚಿನ್ನದ ಕೊಳೆ ಅದರಿಂದ ಹೋಗುತ್ತದೆಂದು ತಲೆತಲಾಂತರದಿಂದ ಗೊತ್ತು. ಬಂದೂಕಿನ ಮದ್ದು ಹೋಗುತ್ತದೆಯೇ ಎಂದು ನಮ್ಮ ಹಿರಿಯರು ಯಾರೂ ಹೇಳಿಹೋಗಿಲ್ಲ. ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ, ನಾಳೆ ಹನ್ನೆರಡರೊಳಗೆ. ಉತ್ತರವನ್ನು ಅತ್ತೆಯ ಹೆಸರಿಗೇ ಬರೆಯಿರಿ. ಬಳೆ ಇರುವ ಬಟ್ಟಲಿನ ಹತ್ತಿರ ನನ್ನನ್ನು ಬಿಡುತ್ತಿಲ್ಲ.